ಕೋಲು ಒಬ್ಬರದು, ‘ಹೌದು’ ಒಬ್ಬರದು

ನನ್ನ ಫೋನು ಈಗ ನನ್ನನ್ನು ಏನೂ ಕೇಳುವುದಿಲ್ಲ. ವಾಡಿಯ ಹೊರಗೆ, ಕಲ್ಲು ತೆಗೆದು ಬಿಟ್ಟ ಖಣಿಯ ಅಂಚಿನಲ್ಲಿ ಕೋಲು ಊರಿ ನಿಲ್ಲುತ್ತೇನೆ. ಒಮ್ಮೆ ಒತ್ತುತ್ತೇನೆ. ಫೋನು ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ಬಿಂದು ದಾಖಲಾಯಿತು ಎಂದರ್ಥ. ಮುಂದಿನ ಮೂಲೆಗೆ ನಡೆಯುತ್ತೇನೆ. ಭೂಮಾಪನ ಇಲಾಖೆಯಲ್ಲಿ ಜೀವಮಾನ ಸವೆಸಿ ನಿವೃತ್ತನಾದವನಿಗೆ ಇಷ್ಟು ಸಲೀಸಾದ ಕೆಲಸ ಸಿಕ್ಕದ್ದು ಭಾಗ್ಯ ಎಂದು ಮನೆಯಲ್ಲಿ ಹೇಳುತ್ತಾರೆ. ಭಾಗ್ಯವೇ ಇರಬೇಕು. ಅದನ್ನು ಬಿಸಿಲಿನಲ್ಲಿ ನಿಂತು ಒಬ್ಬನೇ ಅನುಭವಿಸುತ್ತಿದ್ದೇನೆ.

ಮೊದಲು ಹೀಗಿರಲಿಲ್ಲ. ಕಲಬುರಗಿಯ ಒಂದು ನಕ್ಷೆ ಕಚೇರಿ ನಮ್ಮಿಬ್ಬರನ್ನು ಕರಾರಿನ ಮೇಲೆ ತೆಗೆದುಕೊಂಡಿತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇವುಗಳ ಸುತ್ತಿನ ಹೊಲದ ದಾರಿ, ಖಣಿಯ ಅಂಚು, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಅಂಗಳ ಎಲ್ಲವನ್ನೂ ಮೂಲೆಮೂಲೆಗೆ ನಿಂತು ಫೋನಿನೊಳಗೆ ಗುರುತಿಸುವುದು ನಮ್ಮ ಪಾಲಿಗೆ ಬಂದ ರಾಜಕಾರ್ಯ. ಆಳೆತ್ತರದ ಕೋಲು, ಅದರ ನೆತ್ತಿಯ ಮೇಲೆ ಉಪಗ್ರಹದ ಸಂಕೇತ ಹಿಡಿಯುವ ಬಿಲ್ಲೆ, ನಡುವೆ ಒಂದು ನೀರಿನ ಗುಳ್ಳೆ. ಗುಳ್ಳೆ ತನ್ನ ಉಂಗುರದ ಮಧ್ಯದಲ್ಲಿದ್ದರೆ ಕೋಲು ನೆಟ್ಟಗಿದೆ ಎಂದು ಲೆಕ್ಕ. ಆಗ ಫೋನಿನಲ್ಲಿ ಒತ್ತಬೇಕು.

ಒತ್ತಿದ ಕೂಡಲೇ ವಿಚಾರಣೆ ಶುರು. ‘ಈ ಬಿಂದುವನ್ನು ಉಳಿಸಬೇಕೇ?’ ಹೌದು. ‘ಖಚಿತವೇ?’ ಹೌದು. ‘ಸ್ಥಳದ ನಿಖರತೆ ಕಡಿಮೆ ಇದೆ, ಮುಂದುವರಿಯಬೇಕೇ?’ ಹೌದು. ‘ಹಿಂದಿನ ಬಿಂದುವಿಗೆ ಜೋಡಿಸಬೇಕೇ?’ ಹೌದು ತಾಯಿ, ಹೌದು. ಇಷ್ಟೂ ಮುಗಿಯುವ ಮೊದಲು ಗುಳ್ಳೆ ಜರುಗಿತೋ, ಆ್ಯಪು ಎಲ್ಲವನ್ನೂ ಮರೆತು ಮೊದಲಿನಿಂದ ಕೇಳುತ್ತಿತ್ತು. ಒಬ್ಬನೇ ಮನುಷ್ಯ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದರಲ್ಲಿ ಇಷ್ಟು ಸಾಕ್ಷಿ ಹೇಳುವುದು ಆಗದ ಮಾತು. ಕೋಲಿಗೊಂದು ಸ್ಟ್ಯಾಂಡು ಕೊಡಿಸಿ ಎಂದು ಕೇಳಿದ್ದೆವು. ಇಬ್ಬರಿದ್ದೀರಲ್ಲ ಎಂಬ ಉತ್ತರ ಬಂತು.

ಎರಡನೆಯವರು ಗೌಡ್ರು. ಸಿಮೆಂಟ್ ಕಾರ್ಖಾನೆಯೊಂದರ ಖಣಿಯಲ್ಲಿ ಅಳತೆಯ ಕೆಲಸ ಮಾಡಿ ನಿವೃತ್ತರಾದವರು. ಆದಿತ್ಯನಗರದ ಕಾರ್ಖಾನೆ ಕ್ವಾರ್ಟರ್ಸು ಬಿಟ್ಟ ಮೇಲೆ ಚಿಂಚೋಳಿ ಕಡೆಯ ತಮ್ಮ ಊರಿಗೆ ಹೋಗಿ ನಿಂತಿದ್ದರು. ಅಲ್ಲಿಂದ ಬೆಳಗಿನ ಬಸ್ಸು ಹಿಡಿದು ಸೇಡಂಗೆ ಬರುತ್ತಿದ್ದರು, ನಾನು ಸೇಡಂನವನಾದ್ದರಿಂದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ನಮ್ಮ ಮನೆತನದಲ್ಲಿ ಹಿಂದೆ ಯಾರೋ ದೇವಸ್ಥಾನದ ಸೇವೆಯಲ್ಲಿದ್ದ ಕಾರಣಕ್ಕೆ ಅವರು ನನ್ನನ್ನು ‘ಆಚಾರ್ರ’ ಅನ್ನುತ್ತಿದ್ದರು. ಅವರಿಗೆ ಆಳಲು ಊರಿರಲಿಲ್ಲ, ನನಗೆ ಮಾಡಲು ಪೂಜೆ ಇರಲಿಲ್ಲ. ಬಿರುದುಗಳು ಮಾತ್ರ ಸುಸ್ಥಿತಿಯಲ್ಲಿದ್ದವು.

ಫೋನು ನನ್ನ ಹೆಸರಿಗೆ ಬಂದಿದ್ದರಿಂದ ಕೋಲು ಅವರ ಪಾಲಿಗೆ ಹೋಯಿತು. ಖಣಿಯಲ್ಲಿ ಟೇಪು ಎಳೆಯುವ ಕಾಲದಿಂದ ಗೌಡ್ರಿಗೆ ಒಂದು ರೂಢಿ: ಈ ತುದಿಯವನು ಕೂಗಿ ಹೇಳಬೇಕು, ಆ ತುದಿಯವನು ಬಾಯಿಬಿಟ್ಟು ಒಪ್ಪಬೇಕು, ಆಮೇಲೆಯೇ ಅಳತೆ. ಹಾಗಾಗಿ ಆ್ಯಪಿನ ಪ್ರತಿ ಪ್ರಶ್ನೆಯನ್ನೂ ನಾನು ಯುಗಾದಿಯ ದಿನ ಪಂಚಾಂಗ ಓದುವ ಧಾಟಿಯಲ್ಲಿ ಓದಬೇಕಿತ್ತು. ಅವರು ಉತ್ತರಿಸದೆ ನಾನು ಒತ್ತುವಂತಿರಲಿಲ್ಲ.

“ಈ ಬಿಂದುವನ್ನು ಉಳಿಸಬೇಕೇ, ಗೌಡ್ರ?”

“ಉಳಸ್ರಿ. ಪಾಪ, ಅದೇನ್ ಮಾಡ್ಯದ.”

“ಖಚಿತವೇ?”

“ಮದಿವಿ ಹೊತ್ತಿನ್ಯಾಗೂ ಯಾರೂ ನನಗ ಇಷ್ಟ ಕೇಳಿಲ್ಲ ನೋಡ್ರಿ.”

“ಕೇಳಿದ್ರ ಏನಂತಿದ್ರಿ?”

“ಅದು ಮುಂದಿನ ಮೂಲ್ಯಾಗ ಹೇಳ್ತೀನಿ. ಮೊದಲ ಹೌದು ಒತ್ರಿ, ಗುಳ್ಳಿ ಸರೀಲಿಕತ್ತದ.”

ಹೀಗೆ ಗೌಡ್ರ ಜೀವನಚರಿತ್ರೆ ನನಗೆ ಮೂಲೆಮೂಲೆಯಾಗಿ ದೊರಕಿತು. ಅವರ ಮದುವೆಯ ದಿನ ಕಾಗಿಣಾ ಹೊಳೆ ತುಂಬಿ ಬಂದಿತ್ತಂತೆ. ಬೀಗರು ಆ ದಂಡೆ, ಇವರು ಈ ದಂಡೆ. ಅನ್ನಕ್ಕೆ ಯಾರು ಇಡಬೇಕು ಎಂದು ಹೊಳೆಯ ಮೇಲಿಂದ ಕೂಗಾಡಿ, ಕಡೆಗೆ ಎರಡೂ ದಂಡೆಯಲ್ಲಿ ಅಡಿಗೆಯಾಗಿ, ಎರಡೂ ಕಡೆಯವರು ಮದುವೆ ಆಗುವ ಮೊದಲೇ ಮದುವೆಯ ಊಟ ಉಂಡು ಮಲಗಿದರಂತೆ. ಚಿತ್ತಾಪುರದ ಹತ್ತಿರ ನಾವು ಒಂದು ತೊಗರಿ ಹೊಲ ಅಳೆದು ಮುಗಿಸುವಷ್ಟರಲ್ಲಿ ಅವರ ಕತೆಯಲ್ಲಿ ಹೊಳೆ ಇಳಿಯಿತು. ಮದುಮಗ ದಾಟಿದ್ದು ಮಾತ್ರ ಮರುದಿನ, ಬೇರೆಯವರ ಹೊಲದಲ್ಲಿ. ನನಗೆ ವಾಡಿ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರನಾಗಿ ಹಸಿರು ಬಾವುಟ ಹಿಡಿಯುವ ಆಸೆಯಿತ್ತು ಎಂಬುದನ್ನು ನಾನೂ ಅವರಿಗೆ ಹೇಳಿದೆ. ಮನೆಯಲ್ಲಿ ಹೇಳಿಲ್ಲ. ಮನೆಯಲ್ಲಿ ಯಾರು ಇಷ್ಟು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾರೆ?

ಶಹಾಬಾದದಲ್ಲಿ ಎಡವಟ್ಟಾಯಿತು. ಅಲ್ಲಿ ಫರಸಿ ಕೊಯ್ಯುವ ಯಂತ್ರ, ಪಾಲಿಶ್ ಮಾಡುವ ಯಂತ್ರ ಒಟ್ಟಿಗೆ ಓಡುತ್ತಿರುವಾಗ ಮನುಷ್ಯನ ಮಾತು ಮನುಷ್ಯನಿಗೆ ಮುಟ್ಟುವುದಿಲ್ಲ. ಒಂದು ಅಂಗಳಕ್ಕೆ ಕಾಲಿಟ್ಟಾಗ ಗೌಡ್ರು ನನ್ನ ಕಿವಿಯ ಹತ್ತಿರ ಬಂದು ಕೂಗಿದರು:

“ಆಚಾರ್ರ, ಇಲ್ಲಿ ನಿಮ್ಮ ಮಂತ್ರ ಕೇಳಸಂಗಿಲ್ಲ. ಇವತ್ತ ನೀವು ಏನ್ ಕೇಳಿದ್ರೂ ನಂದು ಹೂಂ ಅಂತ ಹಿಡೀರಿ!”

ಇಂಥ ಸಾರಾಸಗಟು ಅಧಿಕಾರಪತ್ರ ನನ್ನ ಸೇವಾವಧಿಯಲ್ಲಿ ಯಾವ ಮೇಲಧಿಕಾರಿಯೂ ಕೊಟ್ಟಿರಲಿಲ್ಲ. ಅವರು ಮೂಲೆಯಲ್ಲಿ ಕೋಲು ಹಿಡಿದು ನಿಲ್ಲುವುದು, ನಾನು ಹೌದು, ಹೌದು, ಹೌದು ಎಂದು ಒತ್ತುತ್ತ ಹೋಗುವುದು. ನಡುವೆ ಬೆರಳು ಎಲ್ಲಿ ತಾಗಿತೋ, ‘ಈ ಅಂಗಳದ ಎಲ್ಲ ಬಿಂದುಗಳನ್ನು ತೆಗೆದುಹಾಕಬೇಕೇ?’ ಎಂದು ಆ್ಯಪು ಕೇಳಿತು. ಗೌಡ್ರ ಪರವಾಗಿ ಹೌದು ಎಂದೆ. ‘ಖಚಿತವೇ?’ ನನ್ನ ಬದುಕಿನಲ್ಲಿ ನಾನು ಅಷ್ಟು ಖಚಿತವಾಗಿ ಬೇರೇನನ್ನೂ ಒಪ್ಪಿದ್ದಿಲ್ಲ. ಬೆಳಗಿನಿಂದ ಅಳೆದ ಅಂಗಳ ಫೋನಿನಿಂದ ಮಾಯವಾಯಿತು.

ಕಲ್ಲಿನ ಧೂಳಿನಲ್ಲಿ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ ಅಂಗಳದ ಮಾಲಕರು ಇಣುಕಿ ನೋಡಿದರು. “ಏನ್ರಿ ಸಾಹೇಬ್ರ, ನಮ್ಮ ಜಾಗಾ ಎಲ್ಲಿ ಹೋತು?”

ಗೌಡ್ರು ಅಂದರು: “ಎಲ್ಲಿ ಹೋಗ್ತದ್ರಿ, ನಿಮ್ಮ ಕಾಲ ಕೆಳಗ ಅದ. ಫಿಕರ್ ಮಾಡಬ್ಯಾಡ್ರಿ.”

ಮಧ್ಯಾಹ್ನದಿಂದ ಮತ್ತೆ ಅಳೆದೆವು. ಆದರೆ ಬೆಳಿಗ್ಗೆ ಬಂದ ಅಂಗಳ ಮಧ್ಯಾಹ್ನ ಹೋಗಿ ಸಂಜೆ ಮರಳಿದ್ದು ಕಚೇರಿಯ ಪರದೆಯ ಮೇಲೆ ಕಂಡಿತ್ತು. ಕೆಲವೇ ದಿನಗಳಲ್ಲಿ ಆ ಆ್ಯಪು ಬರೆದ ಹೆಣ್ಣುಮಗಳೇ ಚಿತ್ತಾಪುರಕ್ಕೆ ಬಂದಳು. ಮೈಸೂರು ಕಡೆಯವಳು, ತಲೆಗೆ ಟೋಪಿ, ಕಾಲಿಗೆ ಗಟ್ಟಿ ಬೂಟು. ಮೊದಲೇ ಹೇಳಿಬಿಟ್ಟಳು: ಅನಗತ್ಯ ಪ್ರಶ್ನೆಗಳನ್ನೆಲ್ಲ ಕಿತ್ತುಹಾಕುತ್ತಾರೆ; ಆಮೇಲೆ ಒಂದು ಕೋಲಿಗೆ ಒಬ್ಬರು ಸಾಕು; ಗೌಡ್ರಿಗೆ ಅವರ ಊರಿನ ಬಗಲಿನ ಚಿಂಚೋಳಿ ಗುಡ್ಡಗಳು, ನನಗೆ ವಾಡಿ, ಶಹಾಬಾದ. ಸಂತೋಷದ ಸುದ್ದಿ ಎಂಬಂತೆ ಹೇಳಿದಳು. ಪಾಪ, ಅವಳ ದೃಷ್ಟಿಯಲ್ಲಿ ಸಂತೋಷದ್ದೇ. ನನಗೆ ಮಾತ್ರ ಸೇಡಂ ಸ್ಟ್ಯಾಂಡಿನಲ್ಲಿ ಬೆಳಗಿನ ಚಿಂಚೋಳಿ ಬಸ್ಸು ಖಾಲಿಯಾಗಿ ಬಂದು ನಿಂತಂತೆ ಕಂಡಿತು.

ಅರ್ಧ ದಿನ ಬದುವಿನ ಮೇಲೆ ಕುಳಿತು ನಮ್ಮ ಕೆಲಸ ನೋಡಿ ಅವಳು ಕೇಳಿದಳು: “ಸರ್, ಇದ್ರಲ್ಲಿ ಯಾವ್ಯಾವ ಪ್ರಶ್ನೆಗೆ ನೀವು ಓದದೇನೇ ಹೌದು ಒತ್ತುತ್ತೀರ?”

ನಾನು ಗಂಟಲು ಸರಿಮಾಡಿಕೊಂಡೆ. ಅಳತೆ ಎಂಬುದು ಎಂಥ ಜವಾಬ್ದಾರಿ, ಒಂದು ಗೇಣು ಆಚೀಚೆಯಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುವುದು ಹೇಗೆ, ಪ್ರತಿಯೊಂದು ಪ್ರಶ್ನೆಯೂ ಹೇಗೆ ಒಂದೊಂದು ಬಾಗಿಲು ಕಾಯುವ ಕಾವಲುಗಾರ, ಎಲ್ಲವನ್ನೂ ನಿಧಾನವಾಗಿ ವಿವರಿಸಿದೆ. ಇಲಾಖೆಯಲ್ಲಿದ್ದಾಗಲೂ ನಾನು ಇಷ್ಟು ಒಳ್ಳೆಯ ಭಾಷಣ ಮಾಡಿರಲಿಲ್ಲ. ಒಂದು ಪ್ರಶ್ನೆಯನ್ನೂ ತೆಗೆಯಬಾರದು, ಸಾಧ್ಯವಾದರೆ ಒಂದೆರಡು ಸೇರಿಸಬಹುದು ಎಂದು ಮುಗಿಸಿದೆ.

“ಹಾಗಾದ್ರೆ ಶಹಾಬಾದಲ್ಲಿ ಅಷ್ಟೂ ಕಾವಲುಗಾರರನ್ನ ದಾಟಿ ಆ ಅಂಗಳ ಹೇಗೆ ಹೊರಗೆ ಹೋಯ್ತು ಸರ್?” ಎಂದಳು.

ನಾನು ನೀರು ಕುಡಿದೆ. ಅವಳು ಗೌಡ್ರ ಕಡೆ ತಿರುಗಿದಳು. “ನೀವೇನಂತೀರ?”

“ಎಲ್ಲಾ ತೆಗೀರವ್ವಾ,” ಎಂದರು ಗೌಡ್ರು. “ಅಳಸೂಕ್ಕಿಂತ ಮೊದಲ ಮಾತ್ರ ಒಮ್ಮಿ ಕೇಳ್ರಿ. ಅದೂ ಜರಾ ಗದರಿಸಿ ಕೇಳ್ರಿ, ಆಚಾರ್ರಿಗೆ ಎಚ್ಚರ ಆಗೂ ಹಂಗ.”

“ಬಾಕಿದ್ದು?”

“ಬಾಕಿದ್ದು ಬ್ಯಾಡ. ಅದು ಕೇಳಿ ಮುಗಿಸೂತನಕ ನಾ ಕೋಲು ನೆಟ್ಟಗ ಹಿಡೀಬೇಕಲ್ಲ. ಮನಿಗಿ ಹೋದ್ರ ಈ ರಟ್ಟಿ ಮ್ಯಾಲೆತ್ತಲಿಕ್ಕೆ ಬರಂಗಿಲ್ಲ. ಅಂಗಿ ತೆಗೀಲಿಕ್ಕೆ ಮಗ್ಗಲ ಮನ್ಯಾಗಿನವರನ್ನ ಕರೀಬೇಕು.”

ಅವಳು ಅದನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು. ನನ್ನ ಭಾಷಣದಲ್ಲಿ ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ.

ಸಂಜೆ ಬಸ್ಸಿಗೆ ಕಾಯುವಾಗ ನಾನು ಸುಮ್ಮನಿರಲಾರದೆ ಕೇಳಿದೆ.

“ರಟ್ಟಿ ನೋಯ್ತದ ಅಂತ ಮೊದಲ ಹೇಳಬಾರದೇನ್ರಿ ಗೌಡ್ರ?”

“ಹೇಳಿದ್ರ ನೀವು ಜಲ್ದಿ ಜಲ್ದಿ ಒತ್ತತಿದ್ರಿ.”

“ಒತ್ತಿದ್ರ?”

“ಒತ್ತಿದ್ರ ಮಾತು ಅರ್ಧಾಕ್ಕ ನಿಂದರತಿತ್ತು.”

ಭಜಿಯ ಎಣ್ಣೆಯ ವಾಸನೆ, ಹತ್ತಿಪ್ಪತ್ತು ಜನರ ಗದ್ದಲ. ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಒತ್ತಿಕೊಳ್ಳುತ್ತಿದ್ದರು. ದಿನಾ ಹಾಗೆಯೇ ಒತ್ತಿಕೊಳ್ಳುತ್ತಿದ್ದರು. ನಾನು ಅದನ್ನು ಅವರ ಒಂದು ಭಂಗಿ ಎಂದುಕೊಂಡಿದ್ದೆ.

“ಹಂಗಾದ್ರ ಇವತ್ತ ಯಾಕ ಹೇಳಿದ್ರಿ? ಇಬ್ಬರನ್ನೂ ಬ್ಯಾರೆ ಬ್ಯಾರೆ ಹಾಕ್ತಾರ ಅಂತ ಆಕಿ ಹೇಳಿದ್ದು ಕೇಳಿಲ್ಲೇನು?”

“ಕೇಳೀನಿ. ಖರೆ ಆಕಿ ನನ್ನ ಕೇಳಿದ್ಲಲ್ರಿ. ಇಷ್ಟ ದಿನ ಆ ಫೋನು ನಿಮಗ ಒಬ್ಬರಿಗೇ ಕೇಳ್ತಿತ್ತು. ಕೋಲು ಹಿಡದವನಿಗೆ ಯಾರೂ ಕೇಳಿದ್ದಿಲ್ಲ.”

ಹೊಸ ಆ್ಯಪು ಬರಲು ಇನ್ನೂ ಕೆಲವು ವಾರ ಇದ್ದವು. ಮರುದಿನದಿಂದ ಕೋಲು ನಾನು ಹಿಡಿದೆ. ಫೋನು ಅವರಿಗೆ ಕೊಟ್ಟೆ. ಗೌಡ್ರು ಕನ್ನಡಕ ಏರಿಸಿ, ಫೋನನ್ನು ಮಾರು ದೂರ ಹಿಡಿದು, ಪ್ರತಿ ಪ್ರಶ್ನೆಯನ್ನೂ ಒಂದು ತೀರ್ಪಿನಂತೆ ಓದಿದರು.

“‘ಸ್ಥಳದ ನಿಖರತೆ ಕಡಿಮೆ ಇದೆ, ಮುಂದುವರಿಯಬೇಕೇ?’ ಏನಂತೀರಿ ಆಚಾರ್ರ?”

“ಹೌದು ಒತ್ರಿ!”

“ತಡೀರಿ. ಕಡಿಮಿ ಅದ ಅಂತದ. ಎಷ್ಟ ಕಡಿಮಿ ಅಂತ ಹೇಳವಲ್ದು.”

“ಗೌಡ್ರ, ಗುಳ್ಳಿ!”

“ಗುಳ್ಳಿ ನಿಮ್ಮ ಕೈಯಾಗ ಅದ. ನೆಟ್ಟಗ ಹಿಡೀರಿ. ಅಂದಹಂಗ, ಸ್ಟೇಷನ್ ಮಾಸ್ತರ್ ಆಗೂದು ಯಾಕ ತಪ್ಪಿತು ಅಂತ ಹೇಳಿದ್ರಿ?”

ಆ ವಾರಗಳಲ್ಲಿ ನನ್ನ ಭುಜ ಬಾತು, ರಾತ್ರಿ ಮನೆಯಲ್ಲಿ ಮುಲಾಮು ಹಚ್ಚಿಸಿಕೊಳ್ಳಬೇಕಾಯಿತು. ಏನಾಯಿತು ಎಂದು ಹೆಂಡತಿ ಕೇಳಿದರೆ, ಆ್ಯಪಿನ ತೊಂದರೆ ಎಂದೆ. ಗಾಯಾಳುವಾಗಿ ನಾನು ಅಷ್ಟು ಸುಖವಾಗಿದ್ದದ್ದು ಮತ್ತೆಂದೂ ಇಲ್ಲ. ಸೇಡಂ ಕಡೆಯ ಒಂದು ದಾರಿ, ಅರ್ಧ ದಿನದ್ದು, ಎರಡು ದಿನ ಹಿಡಿಯಿತು. ದಾರಿಗೆ ಅವಸರವಿರಲಿಲ್ಲ.

ಆಮೇಲೆ ಅವಳು ಹೊಸ ಆ್ಯಪು ಹಿಡಿದು ಬಂದಳು. ಸೇಡಂನ ಹೊರಗೆ ಒಂದು ಹೊಲದ ಮೂಲೆ.

“ಸರ್, ಈಗ ನೀವೊಬ್ಬರೇ ಮಾಡಿ ನೋಡಿ.”

ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಫೋನು. ಗುಳ್ಳೆ ನಡುವೆ ಬಂತು. ಒತ್ತಿದೆ. ಫೋನು ನಡುಗಿತು. ಮುಗಿದೇ ಹೋಯಿತು. ಕೆಮ್ಮಲಿಕ್ಕೂ ಪುರುಸೊತ್ತು ಇರಲಿಲ್ಲ.

“ಕಷ್ಟ ಆಯ್ತಾ?” ಎಂದಳು.

ಗುಳ್ಳೆ ಜರುಗಿತು ಎನ್ನಬಹುದಿತ್ತು. ವಯಸ್ಸಾದವನ ಕೈ ನಡುಗುತ್ತದೆ ಎಂದರೆ ಯಾರು ಪರೀಕ್ಷೆ ಮಾಡುತ್ತಾರೆ? ಇಬ್ಬರು ಬೇಕೇ ಬೇಕು ಎಂದು ಅವಳೇ ಬರೆದು ಕಳಿಸುತ್ತಿದ್ದಳು. ಗೌಡ್ರು ಸ್ವಲ್ಪ ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತು, ಯಾರದೋ ತೊಗರಿಯನ್ನು ತಾವೇ ಬಿತ್ತಿದವರಂತೆ ಪರೀಕ್ಷಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಬಲಗೈ ಎಡಗೈಯಲ್ಲಿತ್ತು.

“ಇಲ್ಲಮ್ಮ. ಕಷ್ಟ ಏನೂ ಆಗಲಿಲ್ಲ.”

“ಒಬ್ಬರೇ ಮಾಡಬಹುದು ಅಲ್ವಾ?”

“ಮಾಡಬಹುದು,” ಎಂದೆ. ಅಷ್ಟು ತಿಂಗಳಲ್ಲಿ ನಾನು ಪೂರ್ತಿ ಓದಿ ಉತ್ತರ ಕೊಟ್ಟ ಪ್ರಶ್ನೆ ಅದೊಂದೇ ಇರಬೇಕು.

ಗೌಡ್ರಿಗೆ ಹೊಸ ಕೋಲು ಬಂತು, ಹೊಸ ಫೋನು ಬಂತು. ಚಿಂಚೋಳಿ ಬಸ್ಸಿನಲ್ಲಿ ಕೋಲು ಒಳಗೆ ಹಿಡಿಯದೆ ಕಿಟಕಿಯಿಂದ ಹೊರಗೆ ಬಂದಿತ್ತು. ಕಂಡಕ್ಟರು ಬಯ್ಯುತ್ತಿದ್ದ, ಇವರು ಕೇಳಿಸಿಕೊಳ್ಳದವರಂತೆ ಮುಂದೆ ನೋಡುತ್ತಿದ್ದರು. ಬಸ್ಸು ಹೋಯಿತು. ನಾನು ವಾಡಿ ಕಡೆಯದು ಹತ್ತಿದೆ.

ಒಬ್ಬನೇ ಮಾಡುವ ಕೆಲಸಕ್ಕೆ ಒಂದು ದೋಷವಿದೆ: ಅದು ಮುಗಿಯುತ್ತದೆ. ಒತ್ತಿದರೆ ಬಿಂದು, ನಡೆದರೆ ಮುಂದಿನದು. ಹನ್ನೆರಡರೊಳಗೆ ಒಂದು ಖಣಿಯ ಅಂಚು ಮುಗಿಸಿ, ನೆರಳು ಹುಡುಕಿ ಡಬ್ಬಿ ಬಿಚ್ಚಿದರೆ, ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿ ಖಾರವಾಯಿತು ಎಂದು ಹೇಳಲಿಕ್ಕೂ ಎದುರಿಗೆ ಒಂದು ಮುಖವಿಲ್ಲ. ಕೆಲವೊಮ್ಮೆ ಒತ್ತಿದ ಮೇಲೂ ಅಲ್ಲೇ ನಿಂತಿರುತ್ತಿದ್ದೆ. ಆ್ಯಪು ಏನೋ ಕೇಳಬಹುದು ಅನ್ನಿಸುತ್ತಿತ್ತು. ಫೋನು ಮಾಡಿದರೆ ಗೌಡ್ರು “ಈಗ ಕೆಲಸದಾಗ ಇದ್ದೀನ್ರಿ, ಆಮ್ಯಾಲ ಮಾತಾಡೂಣು” ಎಂದು ಇಟ್ಟುಬಿಡುತ್ತಿದ್ದರು. ಆಮೇಲೆ ಎಂಬುದು ಬರುತ್ತಿರಲಿಲ್ಲ.

ಒಂದು ರಜೆಯ ದಿನ ತಡೆಯಲಾರದೆ ಚಿಂಚೋಳಿಗೆ ಹೋದೆ. ಅವರು ಆ ದಿನವೂ ರಜೆ ಮಾಡಿರಲಿಲ್ಲ. ಕಾಡಿನಂಚಿನ ಒಂದು ಇಳಿಜಾರು ಹೊಲದಲ್ಲಿ ಕೋಲು ಹಿಡಿದಿದ್ದರು. ನಾನು ಏದುಸಿರು ಬಿಡುತ್ತ ಆ ಮೂಲೆ ಮುಟ್ಟುವಷ್ಟರಲ್ಲಿ ಅವರು ಒತ್ತಿ ಮುಂದಿನ ಮೂಲೆಗೆ ಹೊರಟಿದ್ದರು. “ಬರ್ರಿ ಬರ್ರಿ,” ಎಂದು ಕೈ ಮಾಡಿದರೇ ಹೊರತು ನಿಲ್ಲಲಿಲ್ಲ. ಆ ಮೂಲೆಗೆ ಹೋದೆ, ಮತ್ತೊಂದಕ್ಕೆ ಹೊರಟಿದ್ದರು. ಇಷ್ಟು ದೂರ ಬಂದು ನಾನು ನೋಡಿದ್ದು ಗೌಡ್ರ ಬೆನ್ನನ್ನು. ಇಬ್ಬರ ಕೆಲಸ ಎಂದು ನಾನು ಯಾವುದನ್ನು ತಿಳಿದಿದ್ದೆನೋ ಅದು ಅವರಿಗೆ ಬರೀ ತಡವಾಗಿತ್ತೇನೋ ಎಂಬ ಯೋಚನೆ ಬಂದು, ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಹೊಲ ಮುಗಿಸಿ ಅವರೇ ಬಂದರು. ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಹಂಚಿದರು. ಕೋಲನ್ನು ಗಿಡಕ್ಕೆ ಒರಗಿಸಿ ಎದುರುಬದುರು ಕುಳಿತ ನಾವು ಹೆಣ್ಣು ನೋಡಲು ಬಂದ ಬೀಗರ ಹಾಗೆ ಮಳೆ, ಬಸ್ಸು, ಎಲ್ಲರ ಆರೋಗ್ಯ ವಿಚಾರಿಸಿಕೊಂಡೆವು. ಆಮೇಲೆ ನಾನು ಕೇಳಿದೆ:

“ರಟ್ಟಿ ಹ್ಯಾಂಗದ?”

“ಚಲೋ ಅದ. ಅಂಗಿ ನಾನೇ ತೆಗೀತೀನಿ ಈಗ.” ಪಲ್ಯ ಹಚ್ಚಿಕೊಳ್ಳುತ್ತ ಕೇಳಿದರು. “ನಿಮ್ಮ ಕಡಿ ಎಷ್ಟ ಉಳದದ?”

“ಅರ್ಧಕ್ಕಿಂತ ಹೆಚ್ಚು ಮುಗದದ,” ಎಂದೆ, ಸ್ವಲ್ಪ ಜಂಬದಿಂದಲೇ.

ಗೌಡ್ರ ಕೈಯಲ್ಲಿದ್ದ ತುತ್ತು ನಿಂತಿತು. “ಅರ್ಧಾ? ನಿಮಗೇನ್ ಬೆಂಕಿ ಹತ್ತಿತ್ತೇನ್ರಿ ಅಷ್ಟ ಜಲ್ದಿ ಮಾಡಲಿಕ್ಕೆ?”

“ಯಾಕ್ರಿ?”

“ಯಾಕ್ರಿ ಅಂತಾರ ಮತ್ತ! ಮೊದಲ ಮುಗಿಸಿದವರನ್ನ ಹಿಂದ ಬಿದ್ದವರ ಕಡಿ ಕಳಸ್ತೀವಿ ಅಂತ ಆ ಆ್ಯಪಿನ ಹುಡುಗಿ ನನಗ ಹೇಳ್ಯಾಳ. ನಿಮಗ ಹೇಳಿಲ್ಲೇನು?”

“ಇಲ್ಲ.”

“ನೀವು ಭಾಷಣ ಮಾಡ್ತೀರಿ ಅಂತ ಅಂಜಿ ಫೋನ್ ಮಾಡಿರಲಿಕ್ಕಿಲ್ಲ. ಸೂಟಿ ದಿನಾನೂ ಬಿಡದ ನಾ ಹಿಂಗ ಯಾಕ ಓಡ್ಲಿಕತ್ತೀನಿ ಅಂತ ತಿಳದೀರಿ? ನನಗೇನ್ ಹುಚ್ಚಾ? ನನ್ನದ ಮುಗಿಯೂದ್ರಾಗ ನೀವೂ ಮುಗಿಸಿ ಕುಂತ್ರ ನಾ ಎಲ್ಲಿಗಿ ಬರ್ಲಿ?”

ನಾನು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದೆ. ಬಹಳ ಹೊತ್ತಿನ ತನಕ ಅವರು ನನ್ನ ಹಾಳು ಅವಸರವನ್ನು ಬಯ್ಯುತ್ತಿದ್ದರು. ಅಷ್ಟು ತೃಪ್ತಿಯಿಂದ ನಾನು ಯಾರ ಬೈಗುಳವನ್ನೂ ಕೇಳಿಲ್ಲ. ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿದವರೂ ಅವರೇ. ಇನ್ನೊಂದು ಹೊಲ ಹಿಡಿಯಬೇಕಿತ್ತಂತೆ.

ಅಂದಿನಿಂದ ವಾಡಿಯಲ್ಲಿ ನನ್ನ ಕೆಲಸಕ್ಕೆ ಒಂದು ಗಾಂಭೀರ್ಯ ಬಂದಿದೆ. ಒಂದು ಬಿಂದು ಒತ್ತುವ ಮೊದಲು ಖಣಿಯ ಅಂಚನ್ನು ಪೂರ್ತಿ ಒಂದು ಸುತ್ತು ಹಾಕುತ್ತೇನೆ. ಬಗಲಿನ ಹೊಲದವರನ್ನು ಕರೆದು ಗಡಿ ವಿಚಾರಿಸುತ್ತೇನೆ. ಅವರ ಹಿರಿಯರು ಏನು ಹೇಳುತ್ತಿದ್ದರು ಎಂಬುದನ್ನೂ ಕೇಳುತ್ತೇನೆ. ಇಲಾಖೆಯಲ್ಲಿ ಕಲಿತ ಪದ್ಧತಿಯೇ ಇದು, ನಡುವೆ ಬಿಟ್ಟುಹೋಗಿತ್ತು. ಕಚೇರಿಯಿಂದ ಫೋನು ಬರುತ್ತದೆ, ಯಾಕೆ ಸರ್ ನಿಧಾನ ಎಂದು. ಕಲ್ಲು ಭಾಳ ಕಾಯ್ತದ್ರಿ ಎನ್ನುತ್ತೇನೆ. ಸುಳ್ಳಲ್ಲ, ಮುಟ್ಟಿ ನೋಡಬಹುದು.

ಗೌಡ್ರು ಬಂದರೂ ಅವರ ಕೋಲು ಅವರಿಗೆ, ನನ್ನ ಕೋಲು ನನಗೆ. ಒಂದೇ ಖಣಿಯ ಎರಡು ಅಂಚು, ನಡುವೆ ಅಷ್ಟು ದೊಡ್ಡ ಹೊಂಡ. ಆದರೂ ಮಧ್ಯಾಹ್ನದ ಡಬ್ಬಿ ಒಂದೇ ನೆರಳಿನಲ್ಲಿ ಬಿಚ್ಚಬಹುದು. ಕೂಗಿದರೆ ಕೇಳಿಸುತ್ತದೆ.

ನಿನ್ನೆ ಅವರೇ ಫೋನು ಮಾಡಿದ್ದರು.

“ನಂದು ಗುಡ್ಡದ ಮಗ್ಗಲಿಂದು ಅಷ್ಟ ಉಳದದ. ನಿಮ್ಮದೇನು?”

“ಭಾಳ ಉಳದದ್ರಿ ಗೌಡ್ರ.”

“ಭಾಳ ಅಂದ್ರ?”

“ನೀವು ಬಂದ್ರೂ ಜಲ್ದಿ ಮುಗಿಯಂಗಿಲ್ಲ, ಅಷ್ಟು.”

ಆ ಕಡೆ ಗಾಳಿ ಬೀಸುತ್ತಿತ್ತು. ಅವರು ನಡೆಯುತ್ತಲೇ ಮಾತಾಡುತ್ತಿದ್ದರು, ಉಸಿರು ಕೇಳುತ್ತಿತ್ತು.

“ಹಂಗಾದ್ರ ಅಡ್ಡಿಯಿಲ್ಲ,” ಎಂದು ಫೋನು ಇಟ್ಟರು.

ಮುಂದಿನ ಮೂಲೆಗೆ ಹೋಗಬೇಕೆಂದು ಎದ್ದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಕೋಲನ್ನು ಕಲ್ಲಿಗೆ ಒರಗಿಸಿ ಮತ್ತೆ ಕುಳಿತೆ.